ಮಾವನಿಗೆ ನಾನು ಮಾಡಿದ ಪಾಠ

ಮೊನ್ನೆ ಕೊಳ್ಳೇಗಾಲದ ಬಸ್ಸಿನಲ್ಲಿ ಯಾರೋ ರೇಷ್ಮೆಗೂಡಿನ ಚೀಲ ಇಟ್ಟಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆ ಮಾವ ನೆನಪಾದರು...

ಗೂಡು ಕೊಂಡು ನೂಲು ಬಿಚ್ಚಿಸುತ್ತಿದ್ದವರು ಅವರು. ಮಾರುಕಟ್ಟೆಯಲ್ಲಿ ಯಾರ ಮಾತಿಗೂ ಸುಲಭಕ್ಕೆ ಹೂಂ ಅಂದವರಲ್ಲ. ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಒಳ್ಗೆ ಉಳ ಇನ್ನೂ ಹಸಿ ಕಣ್ಲಾ, ತಕಂಡೋಗು" ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದರು. ಎದುರಿಗೆ ಆಫೀಸರ್ ನಿಂತಿದ್ದರೂ ಅಷ್ಟೇ.

ಹೃದಯದ ಆಪರೇಷನ್ನಿಗೆ ಮೈಸೂರಿಗೆ ಹೊರಟಾಗ ಜೊತೆಗೆ ಹೋದವನು ನಾನು. ಅಲ್ಲೂ ಜಗಳ ತೆಗೆದಾರೆಂದು ನನಗೆ ದಿಗಿಲು. "ಮಾವ, ಡಾಕ್ಟ್ರು ಏನ್ ಕೇಳುದ್ರೂ ಊಂ ಅನ್ನಿ, ಎದ್ರು ಮಾತಾಡ್ಬ್ಯಾಡಿ" ಎಂದು ದಾರಿಯುದ್ದಕ್ಕೂ ಪಾಠ ಮಾಡಿದೆ. ನಾಲ್ಕಕ್ಷರ ಕಲಿತ ಕೊಬ್ಬು!

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೇ ದಿನ ಡಾಕ್ಟರು ಮಾವನ ಕಿವಿಗೊಂದು ಪುಟ್ಟ ಕ್ಲಿಪ್ ಸಿಕ್ಕಿಸಿದರು. ಅಲ್ಲಿನ ನರಕ್ಕೆ ಸಣ್ಣಗೆ ಕರೆಂಟ್ ಕೊಟ್ಟರೆ ಎದೆಬಡಿತ ತಾಳ ತಪ್ಪದಂತೆ ತಡೆಯಬಹುದೇನೋ, ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆ ಎಂದು ಮೊದಲೇ ತಿಳಿಸಿ ಸಹಿ ಪಡೆದಿದ್ದರು. ಕರೆಂಟನ್ನು ಚೂರುಚೂರೇ ಏರಿಸುತ್ತಾರಂತೆ. ಕಿವಿ ಜುಮ್ಮೆಂದ ಕೂಡಲೇ ಹೇಳಬೇಕು, ಅದೇ ಅವರಿಗೆ ಅಳತೆ.

"ಜುಮ್ ಅಂತಿದೆಯಾ ಯಜಮಾನ್ರೇ?"

"ಊಂ ಸಾ."

ಮೊದಲ ಸಲಕ್ಕೇ! ಕರೆಂಟ್ ಏರಿಸುವುದನ್ನು ಅಲ್ಲಿಗೇ ನಿಲ್ಲಿಸಿದರು. ಮರುದಿನವೂ ಹಾಗೆಯೇ. ಪಕ್ಕದಲ್ಲೇ ನಿಂತಿದ್ದ ನಾನು, ಅಂತೂ ಮಾವ ನನ್ನ ಮಾತು ಕೇಳಿದರು ಎಂದು ಹಿಗ್ಗಿದೆ.

ಮೂರನೇ ದಿನ ಎದೆಬಡಿತ ತಾಳ ತಪ್ಪಿತು. ಐಸಿಯುಗೆ ವಾಪಸ್ ಒಯ್ಯುವಾಗ ಮಾವ ನನ್ನ ಕೈ ಹಿಡಿದು, "ಕಿವೀಲಿ ಏನೂ ಆಗ್ನಿಲ್ಲ ಕಣ್ಲಾ. ನೀನೇ ಏಳಿದ್ದಲ್ಲ, ಊಂ ಅನ್ನಿ ಅಂತ" ಎಂದರು. ಡಾಕ್ಟರ ಹತ್ತಿರ ಓಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕರೆಂಟ್ ಸರಿಯಾಗಿ ಕೊಟ್ಟಿದ್ದರೂ ತಾಳ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಎಂದರು ಅವರು. ಆ "ಹೇಳಲಾಗದು" ಇಂದಿಗೂ ನನ್ನನ್ನು ತಿನ್ನುತ್ತಿದೆ.

ವಾರದೊಳಗೆ, ತಾಳ ತಪ್ಪಿದ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಏರಿತು. ಮೊದಲು ಮಾತು ಹೋಯಿತು, ಆಮೇಲೆ ಮಾವನೇ...

ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತೇನೆ. ಈಗಲೂ ಮನೆಗೆ ನೆಂಟರು ಬಂದರೆ ನನ್ನನ್ನು ಕರೆದು ಕೂರಿಸಿ, ಕಾಫಿ ಕೊಟ್ಟು, ಅವರಿಗೆ ಹೇಳುತ್ತಾರೆ: "ಆಸ್ಪತ್ರೇಲಿ ಅವ್ರಿಗೆ ದಾರಿ ತೋರ್ಸ್‌ದೋನು ಇವ್ನೇ ಕಣವ್ವಾ."

ನಿಜ ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಕಾಫಿ ಕುಡಿದು ಎದ್ದು ಬಂದಿದ್ದೇನೆ.