ರೀಡುಗಳಿಗೆ ಹಾಕಿದ ಗುರುತು

ನಮ್ಮ ಮನೆಯ ಹಾರ್ಮೋನಿಯಂನ ಮಧ್ಯಮ ಸ್ವರ ಅಲ್ಪಕಾಲದ ಅಸ್ವಸ್ಥತೆಯ ನಂತರ ನಿಧನ ಹೊಂದಿತು. ಊರೂರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದ ಅಪ್ಪನ ಪೆಟ್ಟಿಗೆ ಅದು. ಅವರ ವರ್ಷದ ತಿಥಿಗೆ ಹದಿನೈದು ದಿನವಿತ್ತು. ಅಂದಿನ ಭಜನೆಗೆ ಅದೇ ನುಡಿಯಬೇಕೆಂದು ಅವ್ವನ ಆಸೆ.

ರಿಪೇರಿಗೆ ಕೊಟ್ಟರೆ ಸ್ವರ ಹೊರಡಿಸುವ ಬೆಲೆಬಾಳುವ ಹಳೆಯ ರೀಡು ಕದ್ದು ಅಗ್ಗದ ಹೊಸದು ಕೂರಿಸುವವರಿದ್ದಾರೆಂದು ಹಾಸನದಲ್ಲಿ ಮೂರು ಜನ ಎಚ್ಚರಿಸಿದರು. ನಂಬಿಕಸ್ಥರು ಯಾರೆಂದು ಮಾತ್ರ ಒಬ್ಬರೂ ಹೇಳಲಿಲ್ಲ. ನಾನು ಪೆಟ್ಟಿಗೆ ಬಿಚ್ಚಿ, ಪ್ರತಿ ರೀಡಿನ ಹಿತ್ತಾಳೆ ನಾಲಿಗೆಯ ತುದಿಗೂ ಹೆಂಡತಿಯ ಕೆಂಪು ನೇಲ್ ಪಾಲಿಶ್ ಹಚ್ಚಿ ಗುರುತು ಮಾಡಿದೆ. ನುಡಿಸಿ ನೋಡದೆಯೇ ಹೊಳೆನರಸೀಪುರದ ಒಂದು ಅಂಗಡಿಗೆ ಒಯ್ದೆ.

ವಯಸ್ಸಾದ ರಿಪೇರಿಯವರು ತಿದಿ ಒತ್ತಿ ನಾಲ್ಕು ಸ್ವರ ನುಡಿಸಿದರು.

"ಮಧ್ಯಮ ಒಂದೇ ಓಗೈತೆ ಅಂದ್ರಲ್ಲ ಸಾ? ಇಲ್ಲಿ ಎಲ್ಲಾ ಇಳ್ದವೆ!"

ಮುಚ್ಚಳ ತೆಗೆದು ನೋಡಿದರು. "ಇವಕ್ಕೆ ಮದರಂಗಿ ಹಾಕ್ದೋರು ಯಾರು ಸಾ?"

"ನಾನೇ. ಗುರುತಿಗೆ."

"ನಾಲಿಗೆ ಮ್ಯಾಲೆ ಭಾರ ಬಿದ್ರೆ ಶ್ರುತಿ ಇಳೀತದೆ ಕಣ್ ಸಾ. ಕಳ್ಳ ಆಗಿದ್ರೆ ಒಂದೋ ಎರಡೋ ಎತ್ತೋನು. ನೀವು ಒಂದೂ ಬುಟ್ಟಿಲ್ವಲ್ಲ!"

ಅಪ್ಪನ ತಿಥಿಗೆ ಬೇಕೆಂದು ನಾನು ಹೇಳಿದ ಮೇಲೆ ಅವರು ನಗಲಿಲ್ಲ. "ಬುಟ್ಟೋಗಿ. ಅನುಮಾನ ಇದ್ರೆ ಇಲ್ಲೇ ಕೂತ್ಕಳಿ."

ಕೂರಲು ನನಗೆ ಮುಖವಿರಲಿಲ್ಲ. ಬಿಟ್ಟು ಬಂದೆ.

ಬಣ್ಣ ಕೆರೆದು ಶ್ರುತಿ ಸರಿಮಾಡಲು ಅವರಿಗೆ ಎಂಟು ದಿನ ಹಿಡಿಯಿತು. ಮಧ್ಯಮದ ರೀಡು ಸೀಳಿತ್ತು. ಹೊಸದು ಹಾಕಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ತಿಥಿಯ ಸಂಜೆ ಭಜನೆ ಆರಕ್ಕೆ ಶುರುವಾಗಿ ಎಂಟಕ್ಕೆ ಮುಗಿಯಿತು. ಎಲ್ಲ ಸ್ವರಗಳೂ ನುಡಿದವು.