ಕುದಿಸಿದ ಟೇಪು

ರೋಗದ ಹೆಸರೆತ್ತಿದರೆ ಸಾಕು, ಆ ಬೀದಿಯ ದರ್ಜಿಗೆ ಎದೆ ಡವಡವ. ಗಿರಾಕಿಗಳ ಮೈಯಳತೆ ತೆಗೆಯುವ ಬಟ್ಟೆಯ ಟೇಪನ್ನು ಮೂರು ತಿಂಗಳಿಂದ ದಿನಾ ಸಂಜೆ ನೀರಿನಲ್ಲಿ ಕುದಿಸುತ್ತಿದ್ದ. ಕತ್ತರಿಸುವ ಮೇಜಿನ ಟೇಪು ಬೇರೆ. ಅದು ಯಾರ ಮೈಯನ್ನೂ ಮುಟ್ಟುವುದಿಲ್ಲವಾದ್ದರಿಂದ ಬಚಾವಾಗಿತ್ತು.

ಈಚೆಗೆ ಹೊಲಿದ ಅಂಗಿಗಳೆಲ್ಲ ದೊಗಳೆ ಎಂದು ವಾಪಸ್ ಬರತೊಡಗಿದವು. ಇಪ್ಪತ್ತು ವರ್ಷ ತಪ್ಪದ ಕೈ ಈಗ ತಪ್ಪುವುದುಂಟೇ? ಗಿರಾಕಿಗಳೇ ಸೊರಗುತ್ತಿದ್ದಾರೆ ಎಂದು ಅವನಿಗೆ ದಿಗಿಲಾಯಿತು. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಒಬ್ಬೊಬ್ಬರ ಬೆನ್ನು ಬಿದ್ದ. "ಸಣ್ಣಗಾಗಿದ್ದೀರಿ, ಒಂದ್ಸಲ ಶುಗರ್ ನೋಡಿಸ್ಕೊಂಡ್ಬಿಡಿ."

ಅವನ ಕಾಟ ತಾಳಲಾರದೆ ಮೇಷ್ಟ್ರು, ಬೇಕರಿಯವನು, ಪೋಸ್ಟ್‌ಮನ್ ಎಲ್ಲರೂ ಹೋಗಿ ನೋಡಿಸಿಕೊಂಡು ಬಂದರು. ಯಾರಿಗೂ ಏನೂ ಇರಲಿಲ್ಲ.

ಹೆಂಡತಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವಳಲ್ಲ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಮರೆತುಬಿಡುತ್ತಿದ್ದಳು. ಅವಳು ಎರಡೂ ಟೇಪುಗಳನ್ನು ಪಕ್ಕಪಕ್ಕ ಹಿಡಿದಳು. ಕುದಿಸಿದ್ದು ಒಂದೂವರೆ ಇಂಚು ಕುಗ್ಗಿ, ಊರವರನ್ನೆಲ್ಲ ದಪ್ಪ ಮಾಡಿ ತೋರಿಸಿತ್ತು.

"ಅಷ್ಟೇನಾ," ಎಂದು ದರ್ಜಿ ಉಸಿರುಬಿಟ್ಟು ಎದ್ದು ನಿಂತ. ಜಾರುತ್ತಿದ್ದ ಪ್ಯಾಂಟನ್ನು ಎಂದಿನಂತೆ ಮೇಲೆಳೆದುಕೊಂಡ.

ಹೆಂಡತಿ ಅವನ ಸೊಂಟವನ್ನೇ ನೋಡಿದಳು. "ಅಲ್ಲಾ, ಈ ಪ್ಯಾಂಟು ಹೋದ ವರ್ಷ ಹೊಲ್ಕೊಂಡಿದ್ದು. ಆಗ ನೀವು ಟೇಪು ಕುದಿಸ್ತಾನೇ ಇರ್ಲಿಲ್ಲ."

ಅವನು ಟೇಪುಗಳನ್ನು ಸುತ್ತಿಡತೊಡಗಿದ.

"ಊರಿಗೆಲ್ಲ ಹೇಳಿದ್ರಿ. ನೀವು ಹೋಗಿದ್ರಾ?"

ದರ್ಜಿ ಕೈ ತೊಳೆಯಲು ಒಳಗೆ ಹೋದ.