ನಿಂಬೆಹಣ್ಣಿಗೆ ಉಲ್ಟಾ ಸುತ್ತು

ಹೋದ ಭಾನುವಾರ ಮೊಳಕಾಲ್ಮೂರಿನಲ್ಲಿ, ಮೂರು ದಾರಿ ಕೂಡುವ ಒಂದು ಜಾಗದಲ್ಲಿ, ನಾವು ಹದಿನೈದಿಪ್ಪತ್ತು ಜನ ಒಂದು ನಿಂಬೆಹಣ್ಣಿನ ಸುತ್ತ ನಿಂತಿದ್ದೆವು. ಹಣ್ಣಿನೊಳಗೆ ಚಿನ್ನದ ಉಂಗುರ ಇತ್ತು. ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಉಂಗುರದ ಒಡತಿಯೂ ಅಲ್ಲೇ ನಿಂತಿದ್ದರು.

ಒಬ್ಬರಾದರೂ ಬಗ್ಗಿ ಎತ್ತಿಕೊಳ್ಳಬೇಕಲ್ಲ? ಊಹೂಂ!

ಉಂಗುರವನ್ನು ಆ ಹಣ್ಣಿನೊಳಗೆ ಸೇರಿಸಿದ ಮಹಾತಾಯಿ ನಾನೇ. ಪೂರ್ತಿ ಕೇಳಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಈ ಅಂಕಣ ಓದುವವರಿಗೆ ನನ್ನ ಎರಡು ಹುಚ್ಚುಗಳು ಗೊತ್ತೇ ಇವೆ. ಒಂದು, ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ. ಇನ್ನೊಂದು, ಮ್ಯಾಜಿಕ್. ಮೊದಲನೆಯದಕ್ಕಾಗಿಯೇ ಎರಡನೆಯದನ್ನು ಕಲಿತೆ ಅಂತ ಹೇಳಿಕೊಂಡು ತಿರುಗುತ್ತೇನೆ. ಬರಿಗೈಯಿಂದ ಬೂದಿ ಉದುರಿಸಿ, ತೆಂಗಿನಕಾಯಿಗೆ ತಾನಾಗಿಯೇ ಬೆಂಕಿ ಹತ್ತುವಂತೆ ಮಾಡಿ, "ನೋಡ್ರಪ್ಪಾ, ಪವಾಡ ಅಂತ ಯಾವುದೂ ಇಲ್ಲ. ಒಂದಿಷ್ಟು ಕೈಚಳಕ, ಒಂದಿಷ್ಟು ಕೆಮಿಸ್ಟ್ರಿ" ಅಂತ ಮಕ್ಕಳಿಗೆ ತೋರಿಸುವುದು ನನಗೆ ಬಲು ಇಷ್ಟದ ಕೆಲಸ. (ನಿಜ ಹೇಳಲಾ? ಚಪ್ಪಾಳೆ ಅಂದರೆ ನನಗೆ ಪ್ರಾಣ.)

ಮ್ಯಾಜಿಕ್‌ನಲ್ಲಿ ಒಂದು ಗುಟ್ಟಿದೆ. ಮ್ಯಾಜಿಕ್ ನಡೆಯಿತು ಅಂತ ನೀವು ಅಂದುಕೊಳ್ಳುತ್ತೀರಲ್ಲ, ಆ ಗಳಿಗೆಯಲ್ಲಿ ಏನೂ ನಡೆದಿರುವುದಿಲ್ಲ! ನಡೆಯಬೇಕಾದ್ದೆಲ್ಲ ಯಾವಾಗಲೋ ನಡೆದುಹೋಗಿರುತ್ತದೆ. ನಾನು ಕರ್ಚೀಫು ಕೊಡವುತ್ತಾ "ಏನ್ ಬಿಸಿಲಪ್ಪಾ" ಅಂದಾಗಲೇ ನಾಣ್ಯ ಜಾಗ ಬಿಟ್ಟಿರುತ್ತದೆ. ಆಮೇಲೆ ಖಾಲಿ ಮುಷ್ಟಿಯನ್ನು ಮುಂದೆ ಹಿಡಿದು, ಕಣ್ಣು ಅಗಲಿಸಿ, "ಛೂ" ಅಂತ ಊದುತ್ತೇನೆ. ಆ ಊದುವಿಕೆಯಿಂದ ಒಂದು ಧೂಳಿನ ಕಣವೂ ಅಲ್ಲಾಡುವುದಿಲ್ಲ. ಆದರೆ ನೋಡುವವರಿಗೆ 'ಆಯ್ತು, ಈಗ ಆಯ್ತು' ಅಂತ ಹೇಳುವುದು ಅದೊಂದೇ.

ಊದದೇ ಮಾಡಿದರೆ? ಅದನ್ನೂ ಕಂಡಿದ್ದೇನೆ. ಒಂದು ದಿನ ಎಂಟನೇ ಕ್ಲಾಸಿನಲ್ಲಿ ಬೆಲ್ ಹೊಡೆಯುವ ಗಡಿಬಿಡಿ. ಊದುವುದನ್ನು ಮರೆತು ಮುಷ್ಟಿ ಬಿಚ್ಚಿಬಿಟ್ಟೆ. ನಾಣ್ಯ ಮಾಯ. ಕ್ಲಾಸು ಗಪ್‌ಚುಪ್. ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಮಿಸ್, ಇನ್ನೂ ಛೂ ಅಂದೇ ಇಲ್ವಲ್ಲ?" ನಾಣ್ಯ ಹೋಗಿದ್ದರೂ ಅವಳ ಪಾಲಿಗೆ ಅದಿನ್ನೂ ಹೋಗಿರಲಿಲ್ಲ.

ಮಕ್ಕಳೇ ಯಾಕೆ, ನಾವೇನು ಕಮ್ಮಿ? ಮದುವೆ ಮಂಟಪ ನೆನಪಿಸಿಕೊಳ್ಳಿ. ಎಲ್ಲರೂ ಹರಟೆಯಲ್ಲಿ ಮುಳುಗಿರುತ್ತಾರೆ. ಪುರೋಹಿತರು ಬೆರಳೆತ್ತಿ ಆಡಿಸುತ್ತಾರೆ, "ಗಟ್ಟಿಮೇಳ, ಗಟ್ಟಿಮೇಳ!" ಓಲಗದವರು ಕಿವಿ ಕಿತ್ತು ಹೋಗುವಂತೆ ಊದುತ್ತಾರೆ. ಅಕ್ಷತೆ ಹಾರುತ್ತದೆ, ಹುಡುಗಿಯ ಅವ್ವನ ಕಣ್ಣಲ್ಲಿ ನೀರು ಬರುತ್ತದೆ. ತಾಳಿ ಕಟ್ಟಿದ್ದನ್ನು ಕಂಡವರು ಎಷ್ಟು ಜನ? ಕ್ಯಾಮೆರಾದವನ ಬೆನ್ನು ಬಿಟ್ಟು ಬೇರೇನೂ ಕಾಣಿಸಿರುವುದಿಲ್ಲ. ಆದರೂ ಆ ಬೆರಳು ಆಡಿದ್ದೇ ತಡ, 'ಅಬ್ಬಾ, ಮದುವೆ ಆಯ್ತು' ಅಂತ ಇಡೀ ಛತ್ರಕ್ಕೆ ಸಮಾಧಾನ.

ಸರಿ, ನಿಂಬೆಹಣ್ಣಿಗೆ ಬರೋಣ.

ಸುಚಿತ್ರ ನನ್ನ ಅಣ್ಣನ ಮಗಳು. ಬಿ.ಎಡ್. ಓದುವಾಗ ಮೊಳಕಾಲ್ಮೂರಿನ ತಿಪ್ಪೇಶನ ಪರಿಚಯ ಆಯಿತು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡರು. ಅಣ್ಣ ಒಪ್ಪಿದ. ಹುಡುಗನ ಅವ್ವ ನಾಗರತ್ನಮ್ಮನೂ ಒಪ್ಪಿದರು. ರೇಷ್ಮೆ ಸೀರೆ ಅಂಗಡಿ ನಡೆಸುವ ಗಟ್ಟಿ ಹೆಂಗಸು ಅವರು. ಉಳಿದಿದ್ದು ಒಂದೇ ಒಂದು ಹೂಂ. ಅದು ಹುಡುಗನ ಅಜ್ಜಿ ಗೌರಜ್ಜಿಯದು. ಆ ಮನೆಯಲ್ಲಿ ಗೌರಜ್ಜಿ ಹೂಂ ಅನ್ನದೆ ಒಲೆಯ ಮೇಲೆ ಎಸರೂ ಕುದಿಯುವುದಿಲ್ಲವಂತೆ. ಆ ಹೂಂ ತರಲೆಂದೇ ನಾವೆಲ್ಲ ಚಳ್ಳಕೆರೆಯಿಂದ ಹೊರಟಿದ್ದು.

ಹೋಗಿ ಕೂತೆವು. ಅಯ್ಯೋ, ಆ ಬಿಗುಮಾನ! ಅವರು ಈ ಸಲ ಶೇಂಗಾ ಹೆಂಗೈತೆ ಅಂದರು. ನಾವು ಪರವಾಗಿಲ್ಲ ಅಂದೆವು. ನಾವು ನಿಮ್ಮಲ್ಲಿ ಮಳೆ ಹೆಂಗೆ ಅಂದೆವು. ಅವರೂ ಪರವಾಗಿಲ್ಲ ಅಂದರು. ಗೌರಜ್ಜಿ ಅಡುಗೆಮನೆ ಬಿಟ್ಟು ಹೊರಗೇ ಬರಲಿಲ್ಲ. ಒಳಗಿನಿಂದ ಮಿರ್ಚಿ ಕರಿಯುವ ಸದ್ದು ಮಾತ್ರ ಬರುತ್ತಿತ್ತು. ಸುಚಿತ್ರ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು, "ಅತ್ತೆ, ಏನಾದ್ರೂ ಮಾಡ್ರಿ. ಹಿಂಗೇ ಕುಂತ್ರೆ ನನ್ ಮದುವೆ ಆದಂಗೇ!"

ನನಗೆ ಅಷ್ಟು ಸಾಕಿತ್ತು. ಕುಣಿಯುವವಳಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. ಬ್ಯಾಗಿನಲ್ಲಿ ನಿಂಬೆಹಣ್ಣು ರೆಡಿ ಇತ್ತು.

ನಾಗರತ್ನಮ್ಮನ ಬೆರಳಿನಿಂದ ಉಂಗುರ ಕೇಳಿ ಪಡೆದೆ. ಅವರ ತೀರಿಹೋದ ಅವ್ವನ ಉಂಗುರವಂತೆ. ಕರ್ಚೀಫಿನಲ್ಲಿ ಸುತ್ತಿದೆ, ಕರ್ಚೀಫು ಕೊಡವಿದೆ, ಉಂಗುರ ಇಲ್ಲ! (ಅಷ್ಟರಲ್ಲಿ ಅದು ಹಣ್ಣಿನೊಳಗೆ ಸೇರಿಯಾಗಿತ್ತು. ಹೇಗೆ ಅಂತ ಕೇಳಬೇಡಿ, ಹೇಳುವುದಿಲ್ಲ.) ಬ್ಯಾಗಿನಿಂದ ತೆಗೆದು ತಟ್ಟೆಯ ಮೇಲಿಟ್ಟಿದ್ದ ನಿಂಬೆಹಣ್ಣು ತೋರಿಸಿ, "ಈಗ ಉಂಗುರ ಈ ಹಣ್ಣೊಳಗೆ ಹೋಗ್ತೈತೆ, ನೋಡ್ತಾ ಇರಿ" ಅಂದೆ.

ಈಗ ಬೇಕಾಗಿದ್ದು 'ಛೂ'. ಆದರೆ ಬೀಗರಾಗುವವರ ಮನೆಯಲ್ಲಿ ಛೂ ಅಂದರೆ ಮಕ್ಕಳಾಟ ಅನ್ನಿಸೀತು. ನಮ್ಮ ನೆಲದ್ದೇ ಏನಾದರೂ ಇರಲಿ ಅನ್ನಿಸಿತು. ಹಣ್ಣನ್ನು ಎತ್ತಿ ತಿಪ್ಪೇಶನ ತಲೆಯ ಸುತ್ತ ನಿವಾಳಿಸಿದೆ. ನಿಧಾನವಾಗಿ, ಮೂರು ಸುತ್ತು. ತುಟಿಯಲ್ಲಿ ಮಣಮಣ ಮಂತ್ರ ಬೇರೆ. (ಮಂತ್ರ ಯಾವುದು ಗೊತ್ತಾ? ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ!) ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನಗೇ ಮೈ ಜುಮ್ಮೆಂದಿತು. ಹಣ್ಣನ್ನು ತಟ್ಟೆಗೆ ಇಟ್ಟು ಎಡಗೈ ಮೇಲೆತ್ತಿ, "ಎಲ್ರೂ ಈ ಕೈ ನೋಡ್ರಿ" ಅಂದೆ. ಎಲ್ಲರೂ ನೋಡಿದರು. ನಾನೂ ನೋಡಿದೆ.

ಆಮೇಲೆ ಚಾಕು ಹಿಡಿದು ತಟ್ಟೆಯ ಕಡೆ ತಿರುಗುತ್ತೇನೆ, ನಿಂಬೆಹಣ್ಣೇ ಇಲ್ಲ!

ಚಪ್ಪಾಳೆಯೋ ಚಪ್ಪಾಳೆ! ಹಣ್ಣು ಮಾಯವಾಗುವುದೇ ಮ್ಯಾಜಿಕ್ ಅಂತ ಅವರು ತಿಳಿದರು. ನಿವಾಳಿಸಿದ ಮೇಲೆ ಏನೋ ಒಂದು ಆಗಲೇಬೇಕಿತ್ತು, ಆಯಿತು. ನನ್ನ ಜೀವಮಾನದಲ್ಲೇ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ನನಗೋ, ನಿಂತಲ್ಲೇ ಬೆವರು.

ಅಷ್ಟರಲ್ಲಿ ಬೀದಿ ಬಾಗಿಲಿಂದ ಗೌರಜ್ಜಿ ಒಳಗೆ ಬಂದರು. ಕಾಲು ತೊಳೆದುಕೊಂಡು, ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ. ಮುಖ ಹಿಗ್ಗಿ ಹೀರೇಕಾಯಿ ಆಗಿತ್ತು.

"ಮೂರು ದಾರೀಗೆ ಒಗೆದು ಬಂದೆ ಕಣವ್ವಾ. ತಿರುಗೀನೂ ನೋಡ್ಲಿಲ್ಲ."

ಆಗಿದ್ದು ಇಷ್ಟು. ಅಜ್ಜಿ ಅಡುಗೆಮನೆಯಿಂದ ಮಿರ್ಚಿ ತಟ್ಟೆ ಹಿಡಿದು ಬಂದಾಗ ಕಂಡಿದ್ದು ನನ್ನ ಮೂರನೇ ಸುತ್ತು ಮಾತ್ರ. ನಾನು ಮೊಮ್ಮಗನ ದೃಷ್ಟಿ ತೆಗೆಯುತ್ತಿದ್ದೇನೆ ಅಂದುಕೊಂಡರು. ದೃಷ್ಟಿ ತೆಗೆದ ಹಣ್ಣನ್ನು ಮನೆಯಲ್ಲಿ ಇಟ್ಟುಕೊಳ್ಳುವುದುಂಟೇ? ನಾವೆಲ್ಲ ನನ್ನ ಖಾಲಿ ಎಡಗೈಯನ್ನು ಬಾಯಿ ಬಿಟ್ಟು ನೋಡುತ್ತಿದ್ದಾಗ ಅವರು ಹಣ್ಣು ಎತ್ತಿಕೊಂಡು ಬೀದಿಗೆ ನಡೆದಿದ್ದರು.

"ಬಂದ ದಿನಾನೇ ನನ್ ಮೊಮ್ಮಗನಿಗೆ ದಿಷ್ಟಿ ತೆಗೆದ್ರಲ್ಲ, ಎಂಥಾ ತಿಳಿದ ಜನ! ನಾಗೂ, ನಂಗೆ ಒಪ್ಪಿಗೆ. ಅಮ್ಮಾಯಿಗೆ ಹೂ ಮುಡಿಸು."

ಹೂಂ ಸಿಕ್ಕಿತು! ಸುಚಿತ್ರಳ ಮುಖ ಅರಳಿತು. ಮ್ಯಾಜಿಕ್ ಅಂತ ನಾನು ಹೇಳಿದರೆ ಹೂಂ ಹೋಯಿತು. ಹೇಳದಿದ್ದರೆ ಉಂಗುರ ಹೋಯಿತು. ಏನು ಮಾಡಲಿ ಹೇಳಿ? ಕೊನೆಗೆ ಹೇಳಿದೆ, "ಅಜ್ಜೀ, ಆ ಹಣ್ಣೊಳಗೆ ನಾಗರತ್ನಮ್ಮನ ಉಂಗುರ ಐತೆ."

ಹೇಗೆ ಹೋಯಿತು ಅಂತ ಅಜ್ಜಿ ಕೇಳುವ ಮೊದಲೇ ಎಲ್ಲರೂ ಓಡಿದೆವು. ಚಪ್ಪಲಿ ಯಾರದೋ, ಕಾಲು ಯಾರದೋ.

ಹಣ್ಣು ಅಲ್ಲೇ ಇತ್ತು, ನಡುದಾರಿಯಲ್ಲಿ, ಹಳದಿಯಾಗಿ, ಆರಾಮಾಗಿ. ಬೈಕಿನವರು ದೂರದಿಂದಲೇ ಕಂಡು ಬಳಸಿಕೊಂಡು ಹೋಗುತ್ತಿದ್ದರು. ಒಂದು ಲಗೇಜ್ ಆಟೋ ಪೂರ್ತಿ ಚರಂಡಿ ಅಂಚಿಗೆ ಇಳಿದು ದಾಟಿತು. ತಿಪ್ಪೇಶ ಕೈ ಚಾಚಿದ್ದೇ ತಡ, ಗೌರಜ್ಜಿ ತೆಲುಗು ಬೆರೆಸಿ ಕೂಗಿಕೊಂಡರು.

"ವದ್ದು ವದ್ದು! ಮುಟ್ಟಬ್ಯಾಡಲೇ! ನಿನ್ ಪೀಡೆ ಎಲ್ಲಾ ಅದ್ರಾಗೇ ಐತೆ. ಮುಟ್ಟಿದೋರಿಗೆ ಹತ್ತುತೈತೆ!"

ಹುಡುಗ ಹಿಂದೆ ಸರಿದ. ಹುಡುಗಿ ಮುಟ್ಟುವ ಹಾಗಿಲ್ಲ. ನೆಂಟರೆಲ್ಲ ಇದ್ದಕ್ಕಿದ್ದಂತೆ ಮೊಬೈಲ್ ನೋಡತೊಡಗಿದರು. "ಮಾತುಕತೆ ದಿನಾನೇ ಬಂಗಾರ ಬೀದಿಗೆ ಬಿತ್ತಲ್ಲ" ಅಂತ ಹಿಂದಿನಿಂದ ಯಾರೋ ಗೊಣಗಿದರು. ಗೌರಜ್ಜಿಯ ಹುಬ್ಬು ಗಂಟಾಯಿತು. ಸುಚಿತ್ರ ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು. ಅಷ್ಟು ಸಾಲದು ಅಂತ ಎದುರು ಮನೆಯ ಮೇಕೆಯೊಂದು ಹಗ್ಗ ಎಳೆದುಕೊಂಡು ಹಣ್ಣಿನ ಕಡೆಗೇ ಬರತೊಡಗಿತು. ಮೇಕೆಗೆ ಎಲ್ಲಿಯ ಶಾಸ್ತ್ರ?

"ನೀನೇ ಎತ್ಕೊಳ್ಳವ್ವಾ, ನಿಂದೇ ಅಲ್ವಾ ಮ್ಯಾಜಿಕ್ಕು!" ಅಂತ ಅಣ್ಣ ನನ್ನ ಕಿವಿಯಲ್ಲಿ ಹಲ್ಲು ಕಚ್ಚಿಕೊಂಡು ಅಂದ.

ಹೌದಲ್ಲ! ಅದು ಚಳ್ಳಕೆರೆ ಸಂತೆಯಲ್ಲಿ ನಾನೇ ಆರಿಸಿ ತಂದ ಹಣ್ಣು. ಸುತ್ತಿದ್ದು ನಾನು. ಹೈಡ್ರೋಜನ್, ಹೀಲಿಯಂ ಅಂದಿದ್ದೂ ನಾನು. ಅದರಲ್ಲಿ ಪೀಡೆ ಇಲ್ಲ ಅಂತ ಈ ಭೂಮಿಯ ಮೇಲೆ ಯಾರಿಗಾದರೂ ಗ್ಯಾರಂಟಿಯಾಗಿ ಗೊತ್ತಿದ್ದರೆ ಅದು ನನಗೆ. ಮುಂದೆ ಹೋದೆ. ಬಗ್ಗಿದೆ.

ಕೈ ಹೋಗಲಿಲ್ಲ.

ನಂಬಿ, ಕೈ ಮುಂದೆ ಹೋಗಲೇ ಇಲ್ಲ! ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೆಲ್ಲ ಎಲ್ಲಿ ಹೋಯಿತೋ. ಚಿಕ್ಕವಳಿದ್ದಾಗ ಅವ್ವ ರಟ್ಟೆ ಹಿಡಿದು ಬದಿಗೆ ಎಳೆದು, "ದಾಟಬ್ಯಾಡ, ಸುತ್ತಿಕೊಂಡು ಬಾ" ಅನ್ನುತ್ತಿದ್ದಳು. ಆ ಹಿಡಿತ ಈಗಲೂ ರಟ್ಟೆಯ ಮೇಲೆ ಇದ್ದ ಹಾಗಾಯಿತು.

ಆಗ ನಾಗರತ್ನಮ್ಮ ಮುಂದೆ ಬಂದರು. ಮೇಕೆಯ ಹಗ್ಗವನ್ನು ಕಾಲಲ್ಲಿ ಮೆಟ್ಟಿ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎಲ್ಲರಿಗೂ ಕೇಳುವಂತೆ ಅಂದರು, "ಮೇಡಂ, ಸುತ್ತಿದೋರು ನೀವು. ಬಿಚ್ಚೋರೂ ನೀವೇ ಆಗಬೇಕು. ಉಲ್ಟಾ ಸುತ್ತು ಹಾಕ್ರಿ."

"ಉಲ್ಟಾ ಸುತ್ತಾ?"

"ಹೂಂ ರೀ. ಎಡಕ್ಕೆ ಮೂರು. ಹತ್ತಿದ್ದೆಲ್ಲ ಇಳಿದು ಮಣ್ಣಿಗೆ ಹೋಗ್ತೈತೆ. ನಮ್ಮವ್ವ ಮಾಡೋಳು."

ಗೌರಜ್ಜಿ ಅನುಮಾನದಿಂದ ಸೊಸೆಯನ್ನು ನೋಡಿದರು. ಸೊಸೆ ಕಣ್ಣು ಮಿಟುಕಿಸಲಿಲ್ಲ. ನಾನು ನೆಲದ ಮೇಲಿನ ಹಣ್ಣಿನ ಮೇಲೆ ಖಾಲಿ ಕೈ ಎಡಕ್ಕೆ ತಿರುಗಿಸಿದೆ, ಮೂರು ಸುತ್ತು. ನಡುದಾರಿಯಲ್ಲಿ, ಮೇಕೆಯ ಎದುರಿಗೆ! ನಗು ಬರಲಿಲ್ಲ. ಹೈಡ್ರೋಜನ್ನೂ ನೆನಪಾಗಲಿಲ್ಲ. ಮೂರನೆಯ ಸುತ್ತು ಮುಗಿದದ್ದೇ ನಾಗರತ್ನಮ್ಮ ಫಟ್ ಅಂತ ಒಂದು ಚಪ್ಪಾಳೆ ತಟ್ಟಿ, ಉಸಿರು ಬಿಟ್ಟು, "ಆಯ್ತು!" ಅಂದರು.

ಆಯ್ತು ಅಂದರೆ ಆಯ್ತು! ಗೌರಜ್ಜಿ, ಅದೇ ಗೌರಜ್ಜಿ, ಸರಕ್ಕನೆ ಬಗ್ಗಿ ಹಿತ್ತಲಿನ ಕಾಯಿ ಕೀಳುವ ಹಾಗೆ ಹಣ್ಣು ಎತ್ತಿಕೊಂಡು ಮನೆಯ ಕಡೆ ನಡೆದರು. ನಲ್ಲಿ ನೀರಲ್ಲಿ ತೊಳೆದು ಕೊಟ್ಟರು. ನಾನು ಕುಯ್ದೆ. ಉಂಗುರ ಹೊರಬಂತು. ಚಪ್ಪಾಳೆ ಬಿತ್ತು, ಆದರೆ ಎಲ್ಲರೂ ನೋಡುತ್ತಿದ್ದುದು ನಾಗರತ್ನಮ್ಮನನ್ನು. ಅವರು ಆ ಉಂಗುರವನ್ನು ತಮ್ಮ ಬೆರಳಿಗೆ ಹಾಕಿಕೊಳ್ಳಲಿಲ್ಲ, ನೇರವಾಗಿ ಸುಚಿತ್ರಳ ಬೆರಳಿಗೆ ತೊಡಿಸಿದರು. ಹುಡುಗಿ ಅತ್ತೇ ಬಿಟ್ಟಳು. ಅಣ್ಣನೂ ಅತ್ತ. ಹಾಲ್ ತುಂಬ ನಿಂಬೆಯ ಘಮ.

ಎಲೆ ಅಡಿಕೆ ಹಾಕುವಾಗ ನಾಗರತ್ನಮ್ಮನ ಪಕ್ಕ ಕೂತು ಮೆಲ್ಲಗೆ ಕೇಳಿದೆ, "ಉಲ್ಟಾ ಸುತ್ತು ಯಾವ ಕಡೆ ಶಾಸ್ತ್ರ ರೀ? ನಾನು ಕೇಳೇ ಇರಲಿಲ್ಲ."

"ನಾನೂ ಕೇಳಿರಲಿಲ್ಲ ಮೇಡಂ" ಅಂದರು. "ಮೇಕೆ ಬಂತಲ್ಲ, ಆವಾಗ ಹುಟ್ಟಿದ್ದು. ನಾನು ಸುಮ್ಮನೆ ಎತ್ಕೊಂಡಿದ್ರೆ ಉಂಗುರ ಸಿಗ್ತಿತ್ತು, ನಮ್ಮತ್ತೆ ಮನಸ್ಸು ಮುರೀತಿತ್ತು. ನಾವು ಸೀರೆ ಮಾರೋ ಜನ. ಎಷ್ಟು ಸೀರೆ ಹಾಸಿದ್ರೂ ಗಿರಾಕಿ ಸುಮ್ನೆ ಕುಂತಿರ್ತಾಳೆ. ಒಂದು ಸೀರೆ ಎತ್ಕೊಂಡು, ಸ್ವಲ್ಪ ತಡೆದು, 'ಇದು ನೋಡ್ರಿ' ಅಂತ ಸೆರಗು ಝಾಡಿಸಬೇಕು. ಅದೇ ಅವಳ ಸೀರೆ! ಝಾಡಿಸಿದ್ರಲ್ಲಿ ಏನೈತೆ ಹೇಳ್ರಿ? ಏನೂ ಇಲ್ಲ. ಝಾಡಿಸದೆ ಇದ್ರೆ ಮಾತ್ರ ಆಗಲ್ಲ."

ಯಪ್ಪಾ! ನಾನು ಇಷ್ಟು ವರ್ಷ ಊದಿ ಊದಿ ಕಲಿತದ್ದನ್ನು ಈಯಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿಬಿಟ್ಟರು. ಖುಷಿಗೆ ಅವರ ಕೈ ಹಿಡಿದುಕೊಂಡೆ. ನಂಬಿದವರು ನಂಬಿಕೊಂಡರು, ಗೊತ್ತಿದ್ದವರು ಗೊತ್ತಿದ್ದೂ ಜೊತೆಗಿದ್ದರು. ಒಂದು ಚಪ್ಪಾಳೆಯಲ್ಲಿ ಒಂದು ಮದುವೆ ಉಳಿಯಿತು. ಇದಕ್ಕಿಂತ ದೊಡ್ಡ ಮ್ಯಾಜಿಕ್ ಬೇಕಾ?

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಹೊರಡುವ ಹೊತ್ತಿಗೆ ಗೌರಜ್ಜಿ ದೊಡ್ಡ ಚೊಂಬಿನ ತುಂಬ ಶರಬತ್ತು ಮಾಡಿ ತಂದರು. "ಹಣ್ಣು ಯಾಕೆ ದಂಡ ಮಾಡೋದು? ಬ್ಯಾರೆ ಹಣ್ಣಿನ ಜೊತೆ ಅದನ್ನೂ ಹಿಂಡೀನಿ. ಉಲ್ಟಾ ಸುತ್ತಾತಲ್ಲ, ಈಗ ಏನೂ ಇಲ್ಲ. ಕುಡೀರಿ." ಎಲ್ಲರೂ ಗಟಗಟ ಕುಡಿದರು. ಸುಚಿತ್ರ ಕುಡಿದಳು, ಅಣ್ಣ ಎರಡು ಲೋಟ ಕುಡಿದ. ಬೀದಿಯಲ್ಲಿ ಹಿಂದೆ ನಿಂತು ಗೊಣಗಿದ್ದ ನೆಂಟರೂ ಕುಡಿದು ಮೀಸೆ ಒರೆಸಿಕೊಂಡರು.

ಲೋಟ ನನ್ನ ಮುಂದೆ ಬಂತು. ಕೈಯಲ್ಲಿ ಹಿಡಿದೆ. ತುಟಿಯ ತನಕ ತಂದೆ. ಮತ್ತೆ ಕೆಳಗಿಟ್ಟು, "ನಂಗೆ ಶುಗರ್ ಐತೆ ಅಜ್ಜಿ" ಅಂತ ಹಸೀ ಸುಳ್ಳು ಹೇಳಿದೆ.

ನಾಗರತ್ನಮ್ಮ ನನ್ನನ್ನೇ ನೋಡುತ್ತಿದ್ದರು. ಮುಖದ ಮೇಲೆ ಒಂದಿಷ್ಟೂ ನಗುವಿಲ್ಲ.

"ಹೌದಾ ಮೇಡಂ? ಹಂಗಾದ್ರೆ ಉಪ್ಪು ಹಾಕಿ ಕೊಡ್ಲಾ?"